ಸೀರೆ ಉಡಿಸಿ ಈಜು ಕಲಿಸಿದ ತಾತ

ತಾತನ ಬಲಗಿವಿಯಲ್ಲಿ ಯಾವಾಗಲೂ ಒಂದು ಹತ್ತಿಯ ಉಂಡೆ ಇರುತ್ತಿತ್ತು. ಮುಂಜಾನೆ ಬೆಳ್ಳಗೆ, ಸಂಜೆಗೆ ಹಳದಿ. ಚಿಕ್ಕಂದಿನಿಂದ ಬಾವಿಗೆ ಜಿಗಿದು ಜಿಗಿದು ಆ ಕಿವಿ ಸೋರುತ್ತಿತ್ತು, ಅದರಲ್ಲಿ ಕೇಳಿಸುತ್ತಲೂ ಇರಲಿಲ್ಲ. ತನಗೆ ಕೇಳದ್ದು ಜಗತ್ತಿಗೂ ಕೇಳುವುದಿಲ್ಲ ಎಂಬ ಲೆಕ್ಕದಲ್ಲಿ ಅವನು ಮಾತಾಡುತ್ತಿದ್ದ. ಪಕ್ಕದಲ್ಲಿ ಕೂತವನಿಗೆ ಹೇಳಿದ ಗುಟ್ಟು ಓಣಿಯ ತುದಿಯ ಹಿಟ್ಟಿನ ಗಿರಣಿಯವರೆಗೆ ಹೋಗಿ ತಿರುಗಿ ನಮ್ಮ ಮನೆಗೆ ಬರುತ್ತಿತ್ತು. ನೀರಿನಿಂದ ಎದ್ದು ಬಂದವನೇ ಬಿಸಿಲಿಗೆ ಕಾದ ಒಂದು ಹರಳುಕಲ್ಲನ್ನು ಕಿವಿಗೆ ಒತ್ತಿ ಹಿಡಿದು, ಒಂಟಿಕಾಲಲ್ಲಿ ಕುಣಿದು, ಕಿವಿಯ ನೀರು ಇಳಿಸುತ್ತಿದ್ದ. ಬಿಳಿ ಮೀಸೆಯ ಮುದುಕ ಲಂಗೋಟಿಯಲ್ಲಿ ಕುಂಟೆಬಿಲ್ಲೆ ಆಡಿದಂತೆ ಕಾಣುತ್ತಿತ್ತು. ನಾವು ನಕ್ಕರೆ ಕಲ್ಲನ್ನೇ ನಮ್ಮ ಕಡೆ ಎಸೆಯುತ್ತಿದ್ದ.

ನಮ್ಮದು ಸಂತೆಕಲ್ಲೂರಿನಿಂದ ಹೊಲದ ದಾರಿ ಹಿಡಿದು ನಡೆದರೆ ಸಿಗುವ ಒಣಬೇಸಾಯದ ಊರು. ಜೋಳ, ಸಜ್ಜೆ, ತೊಗರಿ. ನೀರೆಂದರೆ ಬಾವಿಯ ನೀರು, ಬೇರೆ ನೀರು ನಮಗೆ ಗೊತ್ತಿಲ್ಲ. ತಾತನಿಗೆ ಒಂದಿಷ್ಟು ಹೊಲವಿತ್ತು, ಹೊಲದಲ್ಲಿ ಕಲ್ಲು ಕಟ್ಟಿದ ದೊಡ್ಡ ಬಾವಿಯಿತ್ತು. ಹೊಲದ ಕೆಲಸ ಹೊಟ್ಟೆಗೆ, ಬಾವಿಯ ಕೆಲಸ ಊರಿಗೆ. ಹಗ್ಗ ಹರಿದು ಯಾರದಾದರೂ ಕೊಡ ಬಾವಿಗೆ ಬಿದ್ದರೆ ಹೆಂಗಸರು ಮೊದಲು ಪಾತಾಳಗರಡಿ ತಂದು, ಕೊಕ್ಕೆಗಳ ಆ ಕಬ್ಬಿಣದ ಗೊಂಚಲನ್ನು ಹಗ್ಗಕ್ಕೆ ಕಟ್ಟಿ ತಳದಲ್ಲಿ ಆಡಿಸುತ್ತಿದ್ದರು. ಅದಕ್ಕೆ ಸಿಗದಿದ್ದರೆ ತಾತನಿಗೆ ಕರೆ ಹೋಗುತ್ತಿತ್ತು. ತಾತ ಧೋತರ ಬಿಚ್ಚಿ ಕಟ್ಟೆಯ ಮೇಲಿಟ್ಟು, "ಸರೀರಿವ್ವ ಅತ್ಲಾಗ" ಎಂದು ಜಿಗಿಯುತ್ತಿದ್ದ. ಕೊಡ, ಬಿಂದಿಗೆ, ಕುರಿಮರಿ, ಎಮ್ಮೆಕರು, ಒಮ್ಮೆ ಹುಡುಗರು ಸಿಟ್ಟಿಗೆ ತಂದು ಒಗೆದಿದ್ದ ಶಾಲೆಯ ಗಂಟೆ. ಯಾವ ಓಣಿಯ ಬಾವಿ ಎಂದು ಕೇಳುತ್ತಿರಲಿಲ್ಲ. ಯಾರ ಬಾವಿಗೆ ಯಾರು ಇಳಿಯಬೇಕೆಂದು ಊರಲ್ಲಿ ಬಡಿದಾಟಗಳಾಗುತ್ತಿದ್ದ ಕಾಲ ಅದು. "ತಳಕ್ಕ ಹೋಗಿ ನೋಡ್ರಿ ಒಂದ್ಸಲ, ಅಲ್ಲಿ ಯಾವ ಓಣಿನೂ ಇಲ್ಲ" ಎನ್ನುತ್ತಿದ್ದ.

ಅವನು ಮೇಲೆ ತಂದವರಲ್ಲಿ ಮನುಷ್ಯರೂ ಇದ್ದರು. ನಮ್ಮ ಕಡೆ ಗಂಡಸು ಬಾವಿಯಲ್ಲಿದ್ದಾನೆ ಎಂದರೆ ಈಜುತ್ತಿದ್ದಾನೆ ಎಂದು ಅರ್ಥ. ಹೆಂಗಸು ಬಾವಿಯಲ್ಲಿದ್ದಾಳೆ ಎಂದರೆ ಅದಕ್ಕೆ ಬೇರೆಯೇ ಅರ್ಥ. ಅಂಥ ದಿನ ತಾತ ಮನೆಗೆ ಬಂದು ತಲೆಗೆ ನೀರು ಹೊಯ್ದುಕೊಂಡು, ರೊಟ್ಟಿ ಮುಟ್ಟದೆ, ದನ ಕಟ್ಟುವ ಕಡೆ ಹೋಗಿ ಕೂಡುತ್ತಿದ್ದ. ಯಾರು, ಯಾಕೆ ಎಂದು ಅಜ್ಜಿ ಕೇಳಿದರೂ ಬಾಯಿ ಬಿಡುತ್ತಿರಲಿಲ್ಲ. ಅವನು ಮೆಲ್ಲಗೆ ಮಾತಾಡಿದ್ದು ನಾನು ಕಂಡಿದ್ದರೆ ಅಂಥ ದಿನಗಳಲ್ಲಿ ಎತ್ತುಗಳ ಜೊತೆ ಮಾತ್ರ.

ಆದರೆ ಅವನ ಜೀವಕ್ಕೆ ಭಯ ಅನ್ನುವುದು ಗೊತ್ತಿರಲಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಹರೆಯದಲ್ಲಿ ಕೃಷ್ಣಾ ನದಿ ತುಂಬಿ ಹರಿಯುವಾಗ ಜಲದುರ್ಗದ ಕೋಟೆಯ ಕೆಳಗೆ ಪಣ ಕಟ್ಟಿ ಈಜಿ ದಾಟಿದ್ದನಂತೆ. ಪಣವೆಂದರೆ ಒಂದು ಹುಂಜ. ಅಜ್ಜಿ ಈ ಕತೆ ಹೇಳಿದಾಗಲೆಲ್ಲ, "ಒಂದು ಹುಂಜದ ಸಲುವಾಗಿ ನನ್ನ ರಂಡಿ ಮಾಡಾಕ ಹೊಂಟಿದ್ದ ನಿಮ್ಮ ತಾತ" ಎಂದು ಮುಗಿಸುತ್ತಿದ್ದಳು. ತಾತ ಆ ಕಡೆಯಿಂದ, "ಅದರಾಗ ಎರಡು ತುಂಡು ನೀನೂ ತಿಂದೀದಿ, ನೆನಪೈತೇನು?" ಎಂದು ಕೂಗುತ್ತಿದ್ದ. ಅಜ್ಜಿಯ ಮಾತು ಮಾತ್ರ ಅವನ ಕಿವುಡು ಕಿವಿಗೂ ಹೇಗೋ ಕೇಳಿಸುತ್ತಿತ್ತು.

ಬೇಸಿಗೆ ಬಂತೆಂದರೆ ಊರಿನ ಗಂಡುಹುಡುಗರೆಲ್ಲ ನಮ್ಮ ಹೊಲದ ಬಾವಿಯಲ್ಲಿ. ಒಣಗಿದ ಕತ್ತಾಳೆ ಬೆಂಡನ್ನು ಕೊಯ್ದು, ಕಟ್ಟು ಮಾಡಿ, ಹುಡುಗನ ಬೆನ್ನಿಗೆ ಬಿಗಿದು ನೀರಿಗೆ ತಳ್ಳುತ್ತಿದ್ದ. ದಿನಾ ಹುಡುಗನಿಗೆ ಗೊತ್ತಾಗದಂತೆ ಒಂದೊಂದು ಬೆಂಡು ಕಿತ್ತು ಬಿಸಾಕುತ್ತಿದ್ದ. ಕೊನೆಗೊಂದು ದಿನ ಬೆನ್ನಿಗೆ ಬರೀ ಹಗ್ಗ ಇರುತ್ತಿತ್ತು, ಹುಡುಗ ಬೆಂಡಿದೆ ಎಂದುಕೊಂಡು ಈಜುತ್ತಿದ್ದ. ಅಲ್ಲಿಯವರೆಗೆ ಬೈಗುಳದ ಸುರಿಮಳೆ. "ನೀರಿಗೆ ನೀ ಯಾರಂತ ಗೊತ್ತಿಲ್ಲಲೇ! ಗೌಡ್ರ ಮಗಾ ಅಂತ ಹೇಳಿದ್ರ ಬಿಡತೈತೇನು? ಕಾಲು ಬಡಿ, ಬಡಿಯೋ ನಿಮ್ಮೌನ!" ನಮ್ಮ ಅಪ್ಪ ಕಲಿತದ್ದು ಅಲ್ಲೇ. ಊರಿನ ಅರ್ಧ ಗಂಡಸರು ಅಲ್ಲೇ.

ಹೆಣ್ಣುಹುಡುಗಿಯರು ಬಾವಿಯ ಕಟ್ಟೆಯ ಮೇಲೆ ಕೂತು ಅಣ್ಣತಮ್ಮಂದಿರ ಅಂಗಿ ಚಡ್ಡಿ ಕಾಯುತ್ತಿದ್ದರು. ನನ್ನ ಸೋದರತ್ತೆ, ತಾತನ ಒಬ್ಬಳೇ ಮಗಳು, ಹಾಗೆ ಬಟ್ಟೆ ಕಾಯುತ್ತಲೇ ದೊಡ್ಡವಳಾದಳು. ಒಂದು ದಿನ ಅವಳು, "ಎಪ್ಪಾ, ನಾನೂ ಇಳೀಲೇನು?" ಎಂದು ಕೇಳಿದಳಂತೆ. ನಮ್ಮ ಅಪ್ಪ ಆಗ ನೀರಿನಲ್ಲಿದ್ದ, ತನ್ನ ಕಿವಿಯಾರೆ ಕೇಳಿದ್ದು. ತಾತ ನಕ್ಕು, "ನಿನಗ್ಯಾಕ ಬೇ ಈಜು? ನಿನ್ನ ನೀರಿದ್ದ ಊರಿಗೆ ಕೊಡ್ತೀನಿ. ಬಾವಿ ಮಾರಿನ ನೋಡಂಗಿಲ್ಲ ನೀ" ಎಂದನಂತೆ.

ಈ ಮಾತು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೆದ್ದಲು ಊರಿನವರಿಗೆ ಮಗಳನ್ನು ಕಾಲುವೆ ಊರಿಗೆ ಕೊಡುವುದಕ್ಕಿಂತ ದೊಡ್ಡ ಆಸೆ ಇರಲಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರು, ಬಳಗಾನೂರಿನ ಕಡೆ ಎಲ್ಲ ಭತ್ತದ ಗದ್ದೆ. ಅಲ್ಲಿಗೆ ಹೋದ ಹುಡುಗಿ ಅನ್ನ ಉಣ್ಣುತ್ತಾಳೆ, ನೀರಿಗಾಗಿ ನಸುಕಿನಲ್ಲಿ ಏಳುವುದಿಲ್ಲ, ಹಗ್ಗ ಜಗ್ಗಿ ಜಗ್ಗಿ ಅಂಗೈ ಒಡೆದುಕೊಳ್ಳುವುದಿಲ್ಲ. ತಾತ ಎರಡು ವರ್ಷ ತಿರುಗಿ, ಬಂದ ಸಂಬಂಧಗಳನ್ನೆಲ್ಲ ತಿರಸ್ಕರಿಸಿ, ಬಳಗಾನೂರಿನ ಆಚೆ ಕಾಲುವೆಯ ದಂಡೆಯ ಮೇಲೇ ಇದ್ದ ಒಂದೂರಿನ ಹುಡುಗನನ್ನು ಹಿಡಿದು ತಂದ. "ಮನಿ ಬಾಗಲಾ ತಗದ್ರ ನೀರು" ಎಂದು ಸಿಕ್ಕಸಿಕ್ಕವರಿಗೆಲ್ಲ ಕೂಗಿ ಹೇಳಿದ. ಮದುವೆಗೆ ಅಜ್ಜಿ ತನ್ನ ಹಳೆಯ ಸೀರೆಗಳನ್ನೆಲ್ಲ ಸೇರಿಸಿ ದಪ್ಪನೆಯ ಒಂದು ಕೌದಿ ಹೊಲಿದುಕೊಟ್ಟಳು.

ಅತ್ತೆ ಹೋದದ್ದು ಮದುವೆಯಾದ ಎರಡನೆಯ ವರ್ಷ, ಮಾನವಮಿಯ ಮುಂಚೆ.

ಹಬ್ಬಕ್ಕೆ ಮೊದಲು ಮನೆಯ ಹಾಸಿಗೆ ಹೊದಿಕೆಯನ್ನೆಲ್ಲ ಒಗೆಯುವ ಪದ್ಧತಿ ಎಲ್ಲ ಕಡೆ ಇದೆ. ನಮ್ಮೂರಿನಲ್ಲಿ ಮಳೆಗಾಲಕ್ಕಷ್ಟೇ ತುಂಬುವ ಹಳ್ಳದ ಮಡುವಿನಲ್ಲಿ ಕೌದಿಯನ್ನು ನೀರಿನ ಮೇಲೆ ಅಗಲಕ್ಕೆ ಹರಡಿಬಿಡುತ್ತೇವೆ. ಅದು ನೆನೆದು ಮುಳುಗಿದ ಮೇಲೆ ಎಳೆದುಕೊಂಡು ತುಳಿಯುತ್ತೇವೆ. ನಿಂತ ನೀರು, ಕೌದಿ ಎಲ್ಲಿಗೆ ಹೋದೀತು? ಕಾಲುವೆ ಊರಿನಲ್ಲೇ ಹುಟ್ಟಿದ ಹೆಂಗಸರು ಹಾಗೆ ಮಾಡುವುದಿಲ್ಲ. ಮೆಟ್ಟಿಲ ಮೇಲೆ ಕೌದಿಯಿಟ್ಟು ಬಕೆಟ್ಟಿನಿಂದ ನೀರು ಹೊಯ್ಯುತ್ತಾರೆ. ಅತ್ತೆ ನಮ್ಮೂರಿನ ರೂಢಿಯಂತೆ ಕೌದಿಯನ್ನು ಕಾಲುವೆಯಲ್ಲಿ ಹರಡಿದ್ದಾಳೆ. ನೀರು ಎಳೆದಿದೆ. ಇವಳು ಅಂಚು ಹಿಡಿದು ಜಗ್ಗಿದ್ದಾಳೆ. ನೆನೆದ ಕೌದಿಯೆಂದರೆ ಒಂದು ಹೋರಿಯ ಭಾರ. ಮೆಟ್ಟಿಲಲ್ಲಿ ಪಾಚಿ ಬೇರೆ. "ಬಿಡವ್ವ, ಬಿಡು ಅಂತ ಬಡಕೊಂಡ್ವಿರೀ, ಬಿಡಲಿಲ್ಲರೀ ಆಕಿ" ಎಂದು ಜೊತೆಗಿದ್ದ ಹೆಂಗಸರು ಅಪ್ಪನ ಮುಂದೆ ಎದೆ ಬಡಿದುಕೊಂಡು ಹೇಳಿದರಂತೆ.

ಸುದ್ದಿ ಬಂದಾಗ ನಾನು ಮನೆಯಲ್ಲಿದ್ದೆ, ಎಂಟು ವರ್ಷದವಳು. ಸೈಕಲ್ಲಿನ ಮೇಲೆ ಬಂದವನು ಬಾಗಿಲಲ್ಲೇ ನಿಂತು ಹೇಳಿದ. ತಾತನಿಗೆ ಕೇಳಲಿಲ್ಲ. "ಏನಂತ?" ಎಂದು ಎಡಗಿವಿ ಮುಂದೆ ಮಾಡಿದ. ಆ ಮಾತನ್ನು ಅವನಿಗೆ ಎರಡನೆಯ ಸಲ, ಗಟ್ಟಿಯಾಗಿ, ಕೂಗಿ ಹೇಳಬೇಕಾಯಿತು. ಆ ಕೂಗಿಗೆ ಅಜ್ಜಿ ಹಿತ್ತಿಲಿನಿಂದ ಓಡಿ ಬಂದಳು.

ಅಪ್ಪ ಮತ್ತು ತಾತ ಮಸ್ಕಿಗೆ ಹೋಗಿ ಬಸ್ಸು ಹಿಡಿದರು. ಅಲ್ಲಿ ಜನ ದಂಡೆಯ ಮೇಲೆ ನಿಂತು ನೀರು ಇಳಿಯಲೆಂದು ಕಾಯುತ್ತಿದ್ದರು. ತಾತ ಯಾರ ಮುಖವನ್ನೂ ನೋಡದೆ ಧೋತರ ಬಿಚ್ಚಿಟ್ಟು ಇಳಿದ. ಕಾಲುವೆಯ ನೀರಿನಲ್ಲಿ ಅವನು ಜೀವನದಲ್ಲಿ ಇಳಿದದ್ದು ಅದೊಂದೇ ಸಲ. ಸೇತುವೆಯ ಕೆಳಗೆ ಸಿಕ್ಕಳು. ಕೌದಿ ಕಂಬಕ್ಕೆ ಸುತ್ತಿಕೊಂಡಿತ್ತು, ಅದರ ಅಂಚು ಅವಳ ಮುಷ್ಟಿಯಲ್ಲೇ ಇತ್ತು. ತಾತ ದಂಡೆಯ ಮೇಲೆ ಕೂತು ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದನಂತೆ. ಬಿಡಿಸುವಾಗ ಅವನು ಅಳಲಿಲ್ಲ ಎಂದು ಅಪ್ಪ ಹೇಳುತ್ತಿದ್ದ. ಊರಿನ ಕಂಡವರ ಮಕ್ಕಳಿಗೆಲ್ಲ ಈಜು ಕಲಿಸಿದವನ ಮಗಳು!

ಅಜ್ಜಿ ಆಮೇಲೆ ಸೂಜಿ ಹಿಡಿಯಲಿಲ್ಲ. ತನ್ನ ಕೌದಿಯೇ ಮಗಳನ್ನು ಎಳೆದುಕೊಂಡು ಹೋಯಿತು ಎಂದು ಅವಳ ನಂಬಿಕೆ. ತಾನು ನೀರಿದ್ದ ಊರು ಹುಡುಕಿದ್ದೇ ತಪ್ಪು ಎಂದು ತಾತನ ನಂಬಿಕೆ. ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಂಡಿದ್ದರೆ ಇಬ್ಬರ ಭಾರವೂ ಇಳಿಯುತ್ತಿತ್ತೇನೋ. ಹೇಳಿಕೊಳ್ಳಲಿಲ್ಲ. ಹುಂಜದ ಕತೆ ನಮ್ಮ ಮನೆಯಲ್ಲಿ ಮತ್ತೆ ಯಾರೂ ಹೇಳಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಹುಡುಗರು ಬಂದರು, ತಾತ ಅವರನ್ನು ಬೈದು ಅಟ್ಟಿದ. ಬಾವಿಯ ಕಡೆ ಹಾಯಲಿಲ್ಲ. ಕೊಡ ಬಿದ್ದಿದೆ ಎಂದು ಯಾರೋ ಕರೆದಾಗ ಬಲಗಿವಿ ಅವರ ಕಡೆ ಮಾಡಿ ಸುಮ್ಮನೆ ಕೂತ. ಹೀಗೇ ಒಂದು ವರ್ಷದ ಮೇಲಾಯಿತು. ಆಮೇಲೆ ಒಂದು ಮುಂಜಾನೆ ಕತ್ತಾಳೆ ಬೆಂಡಿನ ಕಟ್ಟು ಹೆಗಲ ಮೇಲಿಟ್ಟುಕೊಂಡು ಅಂಗಳದಲ್ಲಿ ನಿಂತು ನನ್ನನ್ನು ಕರೆದ. "ಬಾ ಬೇ. ಬಾವಿಗೆ ಹೋಗೂನು." ಆಮೇಲೆ ಅಜ್ಜಿಯ ಕಡೆ ತಿರುಗಿ, "ನಿನ್ನದೊಂದು ಹಳೇ ಸೀರಿ ಕೊಡು, ಈಕೀಗೆ ಉಡಸಬೇಕು" ಎಂದ.

ಅಜ್ಜಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವಳು ಕೂಗಿದ ಕೂಗಿಗೆ ಓಣಿಯೆಲ್ಲ ಬಾಗಿಲಿಗೆ ಬಂತು. "ಒಬ್ಬಾಕಿನ್ನ ನೀರಿಗೆ ಕೊಟ್ಟಿದ್ದು ಸಾಲಲಿಲ್ಲೇನು ನಿನಗ? ಈಕಿನ್ನೂ ಕೊಡ್ತೀಯೇನು?"

"ಕೊಡಬಾರದಂತನ ಹೊಂಟೀನಿ" ಎಂದ ತಾತ.

ಅಜ್ಜಿ ಸೀರೆ ಕೊಡಲಿಲ್ಲ. ಹಗ್ಗದ ಮೇಲೆ ಒಣಗಲು ಹಾಕಿದ್ದ ಸೀರೆಯೊಂದನ್ನು ತಾತ ತಾನೇ ಎಳೆದುಕೊಂಡು ಬಂದ. ಬಾವಿಯ ಕಟ್ಟೆಯ ಮೇಲೆ ನನ್ನ ಲಂಗದ ಮೇಲೇ ಅದನ್ನು ಸುತ್ತಿದ. ಗಂಡಸಿನ ಕೈ, ಧೋತರ ಉಡಿಸಿದಂತೆ ಉಡಿಸಿದ. ಮೊಣಕಾಲಿಗೆ ಸುತ್ತಿಕೊಂಡು ನಡೆಯಲೂ ಆಗುತ್ತಿರಲಿಲ್ಲ. "ತಾತ, ಹುಡುಗರು ಚಡ್ಡಿ ಮ್ಯಾಲ ಈಜ್ತಾರಲ್ಲ, ನನಗ್ಯಾಕ ಸೀರಿ?" ಎಂದು ಅಳುತ್ತ ಕೇಳಿದೆ. "ಹೆಣ್ಮಕ್ಳು ನೀರಿಗೆ ಬೀಳೂದು ಸೀರಿ ಉಟ್ಕೊಂಡ ಬೇ. ಬಿಚ್ಚಿಟ್ಟು ಬೀಳ್ತಾರೇನು?" ಎಂದ.

ಎಲ್ಲರಿಗೂ ಕೈಕಾಲು ಬಡಿಯುವುದು ಮೊದಲ ಪಾಠ. ನನಗೆ ಮೊದಲ ಪಾಠ ಬೇರೆ ಇತ್ತು. ಹಳೆಯದೊಂದು ಕೌದಿಯನ್ನು ನೀರಿನಲ್ಲಿ ನೆನೆಸಿ, ಅದರ ಅಂಚನ್ನು ನನ್ನ ಕೈಗೆ ಕೊಟ್ಟು, ನನ್ನನ್ನು ನೀರಿಗಿಳಿಸಿದ. ಬೆನ್ನಿಗೆ ಬೆಂಡು, ಸೊಂಟಕ್ಕೆ ಹಗ್ಗ, ಹಗ್ಗದ ತುದಿ ಅವನ ಕೈಯಲ್ಲಿ. ಕೌದಿ ಮುಳುಗುತ್ತ ನನ್ನನ್ನೂ ಎಳೆಯತೊಡಗಿತು. "ಬಿಡು!" ಎಂದು ಕೂಗಿದ. ನಾನು ಬಿಡಲಿಲ್ಲ. ಬಿಡಬಾರದೆಂಬ ಹಟವಲ್ಲ, ಬಿಡುವುದು ಹೇಗೆಂದೇ ನನ್ನ ಕೈಗೆ ಗೊತ್ತಾಗಲಿಲ್ಲ. ಹುಟ್ಟಿದಾಗಿನಿಂದ ನಮಗೆ ಹೇಳಿದ್ದೇ ಅದು: ಕೊಡ ಗಟ್ಟಿ ಹಿಡಿ, ಕೂಸಿನ್ನ ಗಟ್ಟಿ ಹಿಡಿ, ಸೆರಗು ಗಟ್ಟಿ ಹಿಡಿ. ಕೈಯಲ್ಲಿದ್ದದ್ದು ಬಿದ್ದರೆ ಬೆನ್ನ ಮೇಲೆ ಏಟು. ಬೆಂಡಿದ್ದರೂ ನಾನು ಮುಳುಗಿದೆ, ನೀರು ಕುಡಿದೆ. ತಾತ ಹಗ್ಗ ಜಗ್ಗಿ ಮೇಲೆತ್ತಿದ. ಮತ್ತೆ ಇಳಿಸಿದ. ಮತ್ತೆ "ಬಿಡು!" ಮತ್ತೆ ಮುಳುಗಿದೆ.

ಕೊನೆಗೆ ಅವನೇ ನೀರಿಗಿಳಿದು ನನ್ನ ಕೈ ಹಿಡಿದ. "ಕೌದಿ ಹೋದ್ರ ಮತ್ತೊಂದು ಹೊಲೀತಾರಬೇ. ನೀ ಹೋದ್ರ ನಿನ್ನ ಯಾರು ಹೊಲೀತಾರ? ಬಿಡು ನನ್ನವ್ವ, ಬಿಡು." ಅವನು ಬೈಯದೆ ಮಾತಾಡಿದ್ದು ಕೇಳಿ ನನಗೆ ಗಾಬರಿಯಾಯಿತು. ಬೆರಳು ತಾನಾಗಿ ಸಡಿಲವಾಯಿತು. ಕೌದಿ ಕೆಳಗಿಳಿದು ಹೋಯಿತು. ತಾತ ಮೆಟ್ಟಿಲು ಹಿಡಿದು ನೀರಿನಲ್ಲೇ ನಿಂತು ಗಳಗಳ ಅತ್ತ. ಮಗಳು ಸತ್ತ ಒಂದೂವರೆ ವರ್ಷಕ್ಕೆ ಅತ್ತ. ನನಗಾಗ ಏನೂ ತಿಳಿಯಲಿಲ್ಲ, ಕೌದಿ ಕಳೆದದ್ದಕ್ಕೆ ಅಜ್ಜಿ ಹೊಡೆಯುತ್ತಾಳೆಂದು ನಾನೂ ಅತ್ತೆ.

ಆ ಬೇಸಿಗೆ ಮುಗಿಯುವುದರೊಳಗೆ ಸೀರೆ ಉಟ್ಟುಕೊಂಡು ಬಾವಿಯ ಈ ಕಡೆಯಿಂದ ಆ ಕಡೆ ಈಜುತ್ತಿದ್ದೆ. ನನಗೆ ಈಜು ಬಂದಿತು. ಆದರೆ ತಾತನಿಗೆ ನಾನೊಬ್ಬಳು ಸಾಕಾಗಿರಲಿಲ್ಲ.

ಊರಿನಲ್ಲಿ ಯಾರ ಮನೆಯ ಹುಡುಗಿಯನ್ನು ಕಾಲುವೆ ಊರಿಗೆ ಕೊಡುವ ಮಾತು ನಡೆದರೂ ಇವನು ಹೋಗಿ ನಿಲ್ಲುತ್ತಿದ್ದ. "ಲಗ್ನಕ್ಕ ಮೊದಲ ಒಂದಿಷ್ಟು ದಿನ ನನ್ನ ಕಡಿ ಕಳಸ್ರಿ. ಈಜು ಕಲಿಸಿ ಕೊಡ್ತೀನಿ. ಬೇಕಾದ್ರ ಆಕಿ ಅವ್ವನೂ ಕಟ್ಟಿ ಮ್ಯಾಲ ಕುಂದ್ರಲಿ." ಮಗಳನ್ನು ನೀರಿಗೆ ಕಳಕೊಂಡವನು ಮದುವೆ ಮನೆಗೆ ಬಂದು ಮುಳುಗುವ ಮಾತಾಡಿದರೆ ಯಾರು ಸಹಿಸುತ್ತಾರೆ? ಮೊದಮೊದಲು ಚಹಾ ಕೊಟ್ಟು ಕಳಿಸಿದರು. ಆಮೇಲೆ ಅವನು ಬರುವುದು ಕಂಡರೆ ಬಾಗಿಲು ಮುಚ್ಚಿಕೊಂಡರು. ವಯಸ್ಸಿಗೆ ಬಂದ ಹುಡುಗಿ ಒದ್ದೆ ಸೀರೆಯಲ್ಲಿ ಗಂಡಸರ ಬಾವಿಯಿಂದ ಏಳುವುದೆಂದರೇನು, ನಾಳೆ ಯಾರು ಮಾಡಿಕೊಳ್ಳುತ್ತಾರೆ ಎಂದರು. ಕೆಲವರು ಇನ್ನೂ ಮುಂದೆ ಹೋಗಿ, ಹೆಣ್ಣು ಇಳಿದ ಬಾವಿ ಒಳ್ಳೆಯದಲ್ಲ ಎಂದು ತಮ್ಮ ಗಂಡುಹುಡುಗರನ್ನೂ ಕಳಿಸುವುದು ಬಿಟ್ಟರು. ಅವರೆಲ್ಲ ತಾತನಿಂದಲೇ ಈಜು ಕಲಿತವರು.

ನಮ್ಮ ಓಣಿಯ ಒಬ್ಬಳನ್ನು ಸಿಂಧನೂರಿನ ಕಡೆಗೆ ಗೊತ್ತು ಮಾಡಿದ್ದರು. ನಿಶ್ಚಯದ ದಿನ ಗಂಡಿನ ಕಡೆಯವರು ಕೂತಿರುವಾಗಲೇ ತಾತ ಒಳಗೆ ನುಗ್ಗಿದ. ಅವನ ಧ್ವನಿ ಗೊತ್ತಲ್ಲ, ಅಂಗಳವೆಲ್ಲ ತುಂಬಿತು. ಹುಡುಗಿಯ ಅಪ್ಪ ಎದ್ದು ಬಂದು ತಾತನ ರಟ್ಟೆ ಹಿಡಿದು ಹೊರಗೆ ತಂದು ಬಿಟ್ಟ. "ನಿನ್ನ ಮಗಳು ಸತ್ಲಂತ ಊರ ಹೆಣ್ಮಕ್ಳೆಲ್ಲ ಸಾಯ್ತಾರೇನೋ ಹಿರಿಯಾ? ಅಪಶಕುನ ನುಡೀಬ್ಯಾಡ, ನಡಿ" ಎಂದ. ತಾತ ಮನೆಗೆ ಬಂದು ಕೂತು, "ಖರೇ ಐತಿ ಅವ ಅಂದಿದ್ದು. ಎಲ್ಲಾರೂ ಸಾಯಂಗಿಲ್ಲ. ಯಾರು ಅಂತ ಮೊದಲ ಗೊತ್ತಾದ್ರ ಅವರಿಗಷ್ಟ ಕಲಸ್ತಿದ್ದೆ" ಎಂದ. ಆ ಹುಡುಗಿಗೆ ಏನೂ ಆಗಲಿಲ್ಲ. ಮಕ್ಕಳು ಮರಿ ಮಾಡಿಕೊಂಡು ಚೆನ್ನಾಗಿಯೇ ಇದ್ದಳು. ಅವಳು ಹಬ್ಬಕ್ಕೆ ತವರಿಗೆ ಬಂದಾಗಲೆಲ್ಲ ಅವಳಪ್ಪ ತಾತನಿಗೆ ಕೇಳಿಸುವಂತೆ, "ನನ್ನ ಮಗಳು ಬಂದಾಳ್ರೀ!" ಎಂದು ಕೂಗುತ್ತಿದ್ದ. ತಾತ ಓಡಿ ಹೋಗಿ ಅವಳ ತಲೆಯ ಮೇಲೆ ಕೈಯಿಟ್ಟು ಬರುತ್ತಿದ್ದ. ಜನ ನಗುತ್ತಿದ್ದರು. ನನಗೆ ಆ ಜನರನ್ನು ಕಂಡರೆ ಈಗಲೂ ಆಗುವುದಿಲ್ಲ.

ಉಳಿದವಳು ನನ್ನ ತಂಗಿ. ನನಗಿಂತ ಏಳು ವರ್ಷ ಚಿಕ್ಕವಳು. ಅವಳು ಸ್ವಲ್ಪ ದೊಡ್ಡವಳಾಗಲಿ ಎಂದು ತಾತ ಕಾಯುತ್ತಿದ್ದ. ಅಷ್ಟರಲ್ಲಿ ನಮ್ಮ ಸುತ್ತಲಿನ ಹೊಲಗಳಲ್ಲೆಲ್ಲ ಬೋರು ಬಿದ್ದವು. ಮಳೆಯೂ ಕೈಕೊಟ್ಟ ವರ್ಷಗಳು. ಬಾವಿಯ ನೀರು ಒಂದೊಂದೇ ಮೆಟ್ಟಿಲು ಇಳಿಯುತ್ತ ಹೋಗಿ, ಕೊನೆಗೆ ತಳದಲ್ಲಿ ಕಪ್ಪೆ ಕೂಡುವಷ್ಟು ರಾಡಿ ಮಾತ್ರ ಉಳಿಯಿತು. ತಾತ ಒಬ್ಬನೇ ಇಳಿದು ಹೂಳು ತೆಗೆದು ನೋಡಿದ. ಊರಿನ ಬೇರೆ ಬಾವಿಗಳನ್ನೂ ನೋಡಿ ಬಂದ. ಎಲ್ಲ ಕಡೆ ಅದೇ ಕತೆ. "ಕಾಲುವಿಗೆ ಕರಕೊಂಡು ಹೋಗಿ ಕಲಸಿದ್ರಾತು ಬಿಡಪ್ಪ" ಎಂದು ಅಪ್ಪ ಹೇಳಿದ್ದಕ್ಕೆ ತಾತನ ಮುಖ ಕಪ್ಪಿಟ್ಟಿತು. "ಆ ನೀರಿನಾಗ ನಾ ಮತ್ತ ಇಳಿಯಂಗಿಲ್ಲ" ಎಂದ. ಭಯವಿಲ್ಲದವನು ಎಂದು ಹೆಸರಾದವನ ಬಾಯಲ್ಲಿ ಆ ಮಾತು ಕೇಳಿ ಅಪ್ಪ ಮತ್ತೆ ಆ ವಿಷಯ ಎತ್ತಲಿಲ್ಲ.

ನಾನು ಲಿಂಗಸುಗೂರಿನಲ್ಲಿ ಪಿಯುಸಿ ಓದುತ್ತಿದ್ದಾಗ ತಾತ ಹಾಸಿಗೆ ಹಿಡಿದ. ಕೆಮ್ಮು, ಉಬ್ಬಸ. ರಜೆಗೆ ಬಂದವಳನ್ನು ಹತ್ತಿರ ಕೂಡಿಸಿಕೊಂಡು, ತಂಗಿಯ ಕಡೆ ಕಣ್ಸನ್ನೆ ಮಾಡಿ, "ಸಣ್ಣಾಕಿ ಉಳದ್ಲು" ಎಂದ. ಎತ್ತುಗಳ ಜೊತೆ ಮಾತಾಡುವಷ್ಟು ಮೆಲ್ಲಗೆ ಅಂದ. "ಮಳಿ ಬರ್ಲಿ ತಾತ, ಬಾವಿ ತುಂಬಲಿ, ನಾ ಕಲಸ್ತೀನಿ" ಎಂದೆ. ನಂಬಿದನೋ ಇಲ್ಲವೋ ತಿಳಿಯಲಿಲ್ಲ. ವಾರದೊಳಗೆ ಹೋದ. ಮಳೆ ಬಂತು, ಬಾವಿ ತುಂಬಲಿಲ್ಲ. ಆ ವರ್ಷವಲ್ಲ, ಮುಂದೆಯೂ ತುಂಬಲಿಲ್ಲ.

ತಾತನ ಹೆಣದ ಮುಂದೆ ಅಜ್ಜಿ ಅಳಲಿಲ್ಲ. ನಮ್ಮ ಕಡೆ ಹೆಂಗಸರು ಸತ್ತವರ ಗುಣ ಹೇಳಿ ಹಾಡ್ಯಾಡಿ ಅಳುತ್ತಾರೆ. ಅಜ್ಜಿಗೆ ಆ ಕಲೆ ಚೆನ್ನಾಗಿತ್ತು, ಊರಿನ ಯಾವ ಸಾವಿಗೂ ಅವಳನ್ನು ಕರೆಯುತ್ತಿದ್ದರು. ಅವತ್ತು ಮಾತ್ರ ಕಂಬಕ್ಕೆ ಒರಗಿ ಕಲ್ಲಿನಂತೆ ಕೂತಿದ್ದಳು. "ಅಳ್ರೀ ಯಮ್ಮಾ, ಎದಿ ಹಗುರಾಗತೈತಿ" ಎಂದು ಎಲ್ಲರೂ ಹೇಳಿದರು. ಇನ್ನೂ ಸಿಟ್ಟು ಹೋಗಿಲ್ಲ ಮುದುಕಿಗೆ ಎಂದು ಹಿಂದಿನಿಂದ ಆಡಿಕೊಂಡರು.

ನಾನು ಟೀಚರ್ ಆದೆ, ಮದುವೆಯಾಗಿ ಸಿಂಧನೂರಿಗೆ ಬಂದೆ. ಕಾಲುವೆಯ ದಂಡೆಯಲ್ಲಿ ನಡೆಯುವಾಗ ನನಗೆ ಹೆದರಿಕೆಯಾಗುವುದಿಲ್ಲ. ಈಜು ನನ್ನ ಜೀವ ಉಳಿಸಿದ ಸಂದರ್ಭ ಇಲ್ಲಿಯವರೆಗೆ ಒಂದೂ ಬಂದಿಲ್ಲ, ಬರದಿರಲಿ. ಆದರೂ ತವರಿನವರು ಎಂಥೆಂಥ ಬಂಗಾರ ಕೊಟ್ಟು ಕಳಿಸುತ್ತಾರೆ, ನನ್ನ ತಾತ ನನಗೆ ಕೊಟ್ಟದ್ದನ್ನು ಯಾವ ಅಪ್ಪನೂ ಕೊಟ್ಟದ್ದು ನಾನು ಕಂಡಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ತಂಗಿಗೆ ಸಂಬಂಧ ಬಂತು. ಕಾಲುವೆಯ ಊರು, ಭತ್ತದ ಗದ್ದೆ, ಸ್ವಂತ ಟ್ರ್ಯಾಕ್ಟರು, ಹುಡುಗ ಸಾದಾ ಮನುಷ್ಯ. ಅಪ್ಪ ಅವ್ವ ಹಿಗ್ಗಿದರು. ನಿಶ್ಚಯಕ್ಕೆ ನಾನೂ ಹೋಗಿದ್ದೆ. ಅಂಗಳದಲ್ಲಿ ಜಮಖಾನೆ ಹಾಸಿ, ಎಲೆ ಅಡಿಕೆಯ ತಟ್ಟೆ ನಡುವೆ ಇಟ್ಟು, ಹಿರಿಯರು ಮಾತು ಮುಗಿಸಿ ತಟ್ಟೆಗೆ ಕೈ ಹಾಕಬೇಕು, ಅಷ್ಟರಲ್ಲಿ ಅಜ್ಜಿ ಒಳಗಿನಿಂದ ಗೋಡೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತಳು. ಸೊಂಟ ಪೂರಾ ಬಾಗಿತ್ತು.

"ಹುಡುಗಿಗೆ ಈಜು ಬರಂಗಿಲ್ಲ" ಎಂದಳು.

ಗಂಡಿನ ಅಪ್ಪ ನಕ್ಕ. "ಅದಕ್ಕೇನ್ರೀ ಯಮ್ಮಾ, ನಮ್ಮೂರಾಗ ಯಾವ ಹೆಣ್ಮಕ್ಕಳಿಗೆ ಬರತೈತಿ?"

"ನಮ್ಮ ಮನ್ಯಾಗ ಈಜು ಬರದ ಹುಡುಗೀನ ಕಾಲುವಿ ಊರಿಗೆ ಕೊಡಂಗಿಲ್ಲ."

ಅಪ್ಪ ಎದ್ದು ಹೋಗಿ ಅಜ್ಜಿಯ ಕೈ ಹಿಡಿದ. "ಎವ್ವಾ, ನಡಿ ಒಳಗ. ಶುಭಕಾರ್ಯದಾಗ ಏನಿದು?" ಅಜ್ಜಿ ಕೈ ಕೊಡವಿಕೊಂಡಳು. ಗಂಡಿನ ಅಪ್ಪನ ನಗು ಹೋಗಿತ್ತು. "ಇದ್ಯಾವ ಪದ್ಧತಿರೀ? ಎಲ್ಲೂ ಕೇಳಿಲ್ಲ ನಾವು. ಯಾರು ಮಾಡಿದ್ದಿದು?"

"ಈಕಿ ತಾತ ಮಾಡ್ಯಾನ" ಎಂದಳು ಅಜ್ಜಿ. "ಆತ ಇದ್ದಿದ್ರ ಆತನ ಬಂದು ಹೇಳ್ತಿದ್ದ. ಆತ ಇಲ್ಲ. ಅದಕ್ಕ ನಾ ಹೇಳಾಕತ್ತೀನಿ."

ಗಂಡಿನ ಕಡೆಯವರು ಎಲೆ ಅಡಿಕೆ ಮುಟ್ಟದೆ ಎದ್ದರು. ಅಪ್ಪ ಅವರ ಹಿಂದೆ ಜೀಪಿನವರೆಗೆ ಹೋಗಿ ಕೈಮುಗಿದ, ಉಪಯೋಗವಾಗಲಿಲ್ಲ. ತಂಗಿಯನ್ನು ಮರುವರ್ಷ ಪಾಮನಕಲ್ಲೂರಿನ ಹತ್ತಿರದ ಒಂದು ಬೆದ್ದಲು ಊರಿಗೆ ಕೊಟ್ಟೆವು. ಅವಳು ಕೆಲವು ಸಲ ನನ್ನ ಹತ್ತಿರ ಅಜ್ಜಿಯನ್ನು ಬೈಯುತ್ತಾಳೆ, ಬೈಯಲಿ. ಬೈಯುವುದಕ್ಕೆ ಇದ್ದಾಳಲ್ಲ.

ಜೀಪು ಹೋದ ಮೇಲೆ ಅಜ್ಜಿ ಅದೇ ಜಮಖಾನೆಯ ಮೇಲೆ, ಎಲೆ ಅಡಿಕೆಯ ತಟ್ಟೆಯ ಮುಂದೆ ಕುಸಿದು ಕೂತಳು. ಸೆರಗಿನಿಂದ ಮುಖ ಮುಚ್ಚಿಕೊಂಡು, ತಾತ ಸತ್ತ ಇಷ್ಟು ವರ್ಷದ ಮೇಲೆ, ಧ್ವನಿ ಎತ್ತಿ ಹಾಡ್ಯಾಡಿ ಅಳತೊಡಗಿದಳು. "ಒಂದು ಸೀರಿ ಕೇಳಿದ್ಯಲ್ಲೋ ನನ್ನ ರಾಜಾ, ನಾ ಕೊಡಲಿಲ್ಲಲ್ಲೋ..." ನಾವು ಯಾರೂ ಅವಳನ್ನು ಸುಮ್ಮನಿರಿಸಲಿಲ್ಲ. ಓಣಿಯವರು ಕೆಲಸ ಬಿಟ್ಟು ಓಡಿ ಬಂದು, ಯಾರು ಹೋದರು, ಯಾರು ಹೋದರು ಎಂದು ಬಾಗಿಲಲ್ಲಿ ನಿಂತು ಕೇಳಿದರು.